ನಾಲ್ಕಕ್ಕೇ ಕತ್ತಲಾಗುವ ಊರಿನ ಬೆಚ್ಚನೆಯ ಕೋಣೆಗಳು

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಡಿಸೆಂಬರ್ ಕೊನೆಯ ಹೊತ್ತಿಗೆ ಸೂರ್ಯ ಹುಟ್ಟುವುದು ಬೆಳಗಿನ ಏಳೂಮುಕ್ಕಾಲರ ಸುಮಾರಿಗೆ, ಮುಳುಗುವುದು ಸಂಜೆ ನಾಲ್ಕಕ್ಕೆ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಹನ್ನೊಂದು ಗಂಟೆಗಿಂತ ಹೆಚ್ಚಿನ ಆಯುಸ್ಸಿದೆ. ವಿಯೆನ್ನಾದ ಹಗಲು ಎಂಟೂವರೆ ಗಂಟೆಯನ್ನೂ ಮುಟ್ಟುವುದಿಲ್ಲ. ಸಿಕ್ಕ ಅಷ್ಟು ಬೆಳಕೂ ಹೆಚ್ಚಿನ ದಿನಗಳಲ್ಲಿ ಬೂದು ಮೋಡದಿಂದ ಸೋಸಿ ಬಂದದ್ದು. ಉಷ್ಣಾಂಶ ಸೊನ್ನೆಯ ಆಚೀಚೆ ಸುಳಿದಾಡುತ್ತಿರುತ್ತದೆ. ಕ್ರಿಸ್ಮಸ್ ಕಾರ್ಡುಗಳಲ್ಲಿ ಕಾಣುವ ಬೆಳ್ಳನೆಯ ಹಿಮ ಈಚಿನ ವರ್ಷಗಳಲ್ಲಿ ಅಪರೂಪವಾಗಿದೆ. ಬಿದ್ದರೂ ಬಹಳ ದಿನ ನಿಲ್ಲುವುದಿಲ್ಲ. ಗಾಳಿ ಮಾತ್ರ ತಪ್ಪದೆ ಬೀಸುತ್ತದೆ. ಥರ್ಮಾಮೀಟರ್ ಹೇಳುವುದಕ್ಕಿಂತ ಚಳಿ ಹೆಚ್ಚೆನಿಸುವುದು ಆ ಗಾಳಿಯಿಂದಲೇ.

ಹಾಗಾಗಿ ಚಳಿಗಾಲದಲ್ಲಿ ಈ ಊರು ಸುತ್ತುವುದೆಂದರೆ ಒಂದು ಬೆಚ್ಚನೆಯ ಕೋಣೆಯಿಂದ ಇನ್ನೊಂದಕ್ಕೆ ದಾಟಿಕೊಳ್ಳುವುದು. ಈ ಕೋಣೆಗಳಲ್ಲಿ ಕೆಲವು ಹ್ಯಾಬ್ಸ್‌ಬರ್ಗ್ ಅರಸರು ಕಟ್ಟಿಸಿದ ಗ್ರಂಥಾಲಯ, ಚಿತ್ರಶಾಲೆ, ಒಪೆರಾ ಮಂದಿರ, ಸಸ್ಯಗೃಹಗಳು. 1918ರಲ್ಲಿ ಸಾಮ್ರಾಜ್ಯ ಉರುಳಿದ ಮೇಲೆ ಗಣರಾಜ್ಯದ ಪಾಲಿಗೆ ಬಂದವು. ಉಳಿದವನ್ನು ಬೆಳೆಸಿದ್ದು ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲದ ಜನ. 1910ರ ಹೊತ್ತಿಗೆ ನಗರದ ಜನಸಂಖ್ಯೆ 20 ಲಕ್ಷ ದಾಟಿತ್ತು. ಕಾರ್ಮಿಕರ ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ನೀರಿನ ನಲ್ಲಿ ಮಹಡಿಯ ಮೊಗಸಾಲೆಯಲ್ಲಿ, ಎಲ್ಲ ಸಂಸಾರಗಳಿಗೂ ಸೇರಿ ಒಂದು. ಹಾಸಿಗೆಯನ್ನಷ್ಟೇ ಗಂಟೆಗಳ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು ಮಲಗಿ ಎದ್ದು ಹೋಗುವವರೂ ಸಾವಿರಾರು ಮಂದಿಯಿದ್ದರು. ಒಲೆಗೆ ಕಲ್ಲಿದ್ದಲು ಹಾಕುವುದು ದುಬಾರಿ. ಮನೆಯ ಪಡಸಾಲೆ ಮಾಡಬೇಕಿದ್ದ ಕೆಲಸವನ್ನು ವಿಯೆನ್ನಾದಲ್ಲಿ ಊರೇ ಮಾಡಿತು. ಎರಡು ಯುದ್ಧಗಳ ನಂತರ ಕುಗ್ಗಿದ್ದ ಜನಸಂಖ್ಯೆ 2023ರಲ್ಲಿ ಮತ್ತೆ 20 ಲಕ್ಷಕ್ಕೆ ಬಂದಿದೆ. ಮನೆಗಳು ಈಗ ಬೆಚ್ಚಗಿವೆ, ಆದರೂ ಹೊರಗೆ ಹೋಗಿ ಕೂರುವ ಅಭ್ಯಾಸ ಹೋಗಿಲ್ಲ.

ಬೆಳಗು ಕಾಫಿಹೌಸಿನಲ್ಲೇ ಆರಂಭವಾಗಬೇಕು. ಈ ಊರಿಗೆ ಕಾಫಿ ಬಂದ ಬಗೆಗೆ ಒಂದು ಕಥೆಯಿದೆ. 1683ರಲ್ಲಿ ವಿಯೆನ್ನಾಕ್ಕೆ ಮುತ್ತಿಗೆ ಹಾಕಿದ್ದ ತುರ್ಕರು ಸೋತು ಓಡುವಾಗ ಬಿಟ್ಟುಹೋದ ಮೂಟೆಗಳಲ್ಲಿ ಹಸಿರು ಬೀಜಗಳಿದ್ದವಂತೆ. ಒಂಟೆಗೆ ಹಾಕುವ ಮೇವೆಂದು ಜನ ತಿಳಿದದ್ದನ್ನು ಕೊಲ್‌ಶಿಟ್ಸ್‌ಕಿ ಎಂಬ ಗೂಢಚಾರ ಗುರುತಿಸಿ, ಕೇಳಿ ಪಡೆದು, ಅಂಗಡಿ ತೆರೆದನಂತೆ. ಅವನ ಹೆಸರಿನ ಬೀದಿಯೂ ಪ್ರತಿಮೆಯೂ ಊರಿನಲ್ಲಿವೆ. ಆದರೆ ಈ ಕಥೆ ಪುಸ್ತಕಕ್ಕೆ ಏರಿದ್ದು ಮುತ್ತಿಗೆಯಾಗಿ ನೂರು ವರ್ಷದ ಮೇಲೆ. ದಾಖಲೆಯ ಪ್ರಕಾರ ಕಾಫಿ ಮಾರುವ ಮೊದಲ ಪರವಾನಗಿ ಸಿಕ್ಕಿದ್ದು 1685ರಲ್ಲಿ, ಯೊಹಾನೆಸ್ ದಿಯೊದಾತೊ ಎಂಬ ಅರ್ಮೇನಿಯನ್ ವ್ಯಾಪಾರಿಗೆ. ಚಿಕ್ಕಮಗಳೂರಿನ ಗಿರಿಗೆ ಬಾಬಾ ಬುಡನ್ ಏಳು ಬೀಜ ತಂದ ಕಥೆ ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ. ಎಲ್ಲ ಊರಿನ ಕಾಫಿಗೂ ಒಂದು ಸ್ಥಳಪುರಾಣ ಬೇಕಾಗುತ್ತದೆ.

ಆಮೇಲಿನ ಬೆಳವಣಿಗೆ ದಂತಕಥೆಯ ಹಂಗಿಲ್ಲದ್ದು. 18ನೇ ಶತಮಾನದಲ್ಲೇ ಗಿರಾಕಿಗಳಿಗೆ ಓದಲು ಪತ್ರಿಕೆ ಇಡುವ ರೂಢಿ ಬಂತು. ನೆಪೋಲಿಯನ್ ಕಾಲದ ವ್ಯಾಪಾರ ದಿಗ್ಬಂಧನದಿಂದ ಕಾಫಿ ಬೀಜ ಸಿಗದಾದಾಗ, ಮಾಲೀಕರು ಬದುಕುಳಿಯಲು ಊಟ ಹಾಕತೊಡಗಿದರು. ಕಾಫಿಹೌಸಿನಲ್ಲಿ ಇಂದಿಗೂ ಬಿಸಿ ಊಟ ಸಿಗುವುದು ಆ ಬರಗಾಲದ ಫಲ. ಹೆಂಗಸರಿಗೆ ಮಾತ್ರ 19ನೇ ಶತಮಾನದ ಮಧ್ಯದವರೆಗೂ ಒಳಗೆ ಪ್ರವೇಶವಿರಲಿಲ್ಲ, ಗಲ್ಲಾದ ಮೇಲೆ ಕೂತವಳೊಬ್ಬಳ ಹೊರತು. ಪಡಸಾಲೆ ಊರಿನದಾದರೂ ಅರ್ಧ ಊರು ಹೊರಗೇ ಇತ್ತು.

ಒಳಗಿನ ಏರ್ಪಾಡು ಎಲ್ಲ ಹಳೆಯ ಕಾಫಿಹೌಸುಗಳಲ್ಲೂ ಹೆಚ್ಚುಕಡಿಮೆ ಒಂದೇ. ಅಮೃತಶಿಲೆಯ ಪುಟ್ಟ ದುಂಡು ಮೇಜು, ಗೋಡೆಗುಂಟ ಮೆತ್ತನೆಯ ಸೋಫಾ, ಎತ್ತರದ ಕಿಟಕಿ, ಕೋಟು ನೇತುಹಾಕುವ ಕಂಬ. ಬಾಗಿದ ಬೀಚ್ ಮರದ ಕುರ್ಚಿಗಳು ಥೋನೆಟ್ ಕಂಪನಿಯವು. 1859ರಲ್ಲಿ ಬಂದ ಅದರ 14ನೇ ನಂಬರಿನ ಮಾದರಿಯಲ್ಲಿ ಇರುವುದು ಆರೇ ತುಂಡು ಮರ, ಹತ್ತು ತಿರುಪು, ಎರಡು ನಟ್ಟು. ಮರವನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿ ಮಾಡಿದ ಈ ಕುರ್ಚಿಗಳನ್ನು ಬಿಡಿಸಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಹಿಡಿಯುತ್ತಿದ್ದವು. ಜಗತ್ತಿನ ಹೋಟೆಲುಗಳಿಗೆಲ್ಲ ಅವು ಹರಡಿದ್ದರ ಗುಟ್ಟು ಇಷ್ಟೇ.

ಕಾಫಿಯನ್ನು ‘ಒಂದು ಕಾಫಿ’ ಎಂದು ಕೇಳಿದರೆ ವೇಟರ್ ಮುಖ ನೋಡುತ್ತಾನೆ. ಹಾಲಿನ ನೊರೆ ಹಾಕಿದ್ದು ಮೆಲಾಂಜ್. ಚೂರು ಹಾಲು ಅಥವಾ ಕೆನೆಯ ಜೊತೆ ಬರುವ ಕಡುಗಾಫಿ ಬ್ರೌನರ್, ಅದರಲ್ಲಿ ಚಿಕ್ಕದು–ದೊಡ್ಡದು ಬೇರೆ. ನೀರು ಬೆರೆಸಿ ಹಗುರ ಮಾಡಿದ್ದು ಫರ್‌ಲೆಂಗರ್ಟರ್. ಚಳಿಗೆ ಹೇಳಿ ಮಾಡಿಸಿದ್ದು ಐನ್‌ಶ್ಪೆನರ್: ಗಾಜಿನ ಲೋಟದಲ್ಲಿ ಕಪ್ಪು ಕಾಫಿ, ಮೇಲೆ ಕಡೆದ ಕೆನೆಯ ದಪ್ಪ ಮುಚ್ಚಳ. ಒಂಟಿ ಕುದುರೆಯ ಗಾಡಿಯವರು ಬೀದಿಯಲ್ಲಿ ಸವಾರಿಗೆ ಕಾಯುವಾಗ ಕೆನೆಯ ಕೆಳಗೆ ಕಾಫಿ ಬೇಗ ಆರುತ್ತಿರಲಿಲ್ಲವೆಂದು ಆ ಹೆಸರು ಬಂತೆನ್ನುತ್ತಾರೆ. ಏನೇ ಹೇಳಿದರೂ ಅದು ಬರುವುದು ಲೋಹದ ಪುಟ್ಟ ತಟ್ಟೆಯಲ್ಲಿ, ಪಕ್ಕದಲ್ಲಿ ಒಂದು ಲೋಟ ನೀರಿನೊಡನೆ. ನೀರು ನಲ್ಲಿಯದೇ, ಆದರೆ ವಿಯೆನ್ನಾದ ನಲ್ಲಿಗೆ ಬರುವುದು ಆಲ್ಪ್ಸ್ ಬೆಟ್ಟಗಳ ಬುಗ್ಗೆಯ ನೀರು. 1873ರಲ್ಲಿ ಮುಗಿದ ಮೊದಲ ಕಾಲುವೆ, 1910ರ ಎರಡನೆಯದು, ಎರಡೂ ಪಂಪಿನ ನೆರವಿಲ್ಲದೆ ಇಳಿಜಾರಿನಲ್ಲೇ ನೀರನ್ನು ಊರಿಗೆ ಮುಟ್ಟಿಸುತ್ತವೆ. ಕಾಫಿ ಮುಗಿದ ಮೇಲೂ ಕೂತವರಿಗೆ ವೇಟರ್ ಆಗಾಗ ಹೊಸ ಲೋಟ ನೀರು ತಂದಿಡುತ್ತಾನೆ. ಎದ್ದು ಹೋಗಿ ಎಂಬ ಸೂಚನೆ ಅದರಲ್ಲಿಲ್ಲ. ಬಿಲ್ಲನ್ನು ಗಿರಾಕಿಯೇ ಕೇಳಬೇಕು. ಕೇಳುವವರೆಗೆ ಅದು ಬರುವುದಿಲ್ಲ. ಮರದ ಹಿಡಿಕೆಗೆ ಸಿಕ್ಕಿಸಿಟ್ಟ ಪತ್ರಿಕೆಗಳನ್ನು ತೆಗೆದುಕೊಂಡು ಒಂದು ಕಪ್ಪಿನ ಬೆಲೆಗೆ ಅರ್ಧ ದಿನ ಕಳೆದರೂ ಯಾರೂ ಆಕ್ಷೇಪಿಸರು. ವೇಟರುಗಳು ನಗುಮುಖದವರೆಂದು ಹೆಸರಾದವರಲ್ಲ. ಕಪ್ಪು ಕೋಟು ತೊಟ್ಟ, ‘ಹೆರ್ ಓಬರ್’ ಎಂದೇ ಕರೆಸಿಕೊಳ್ಳುವ ಆ ಹಿರಿಯರ ಸಿಡುಕನ್ನೂ ಊರಿನವರು ಪರಂಪರೆಯ ಲೆಕ್ಕಕ್ಕೇ ಸೇರಿಸಿದ್ದಾರೆ. 2011ರಲ್ಲಿ ವಿಯೆನ್ನಾದ ಕಾಫಿಹೌಸ್ ಸಂಸ್ಕೃತಿ ಯುನೆಸ್ಕೊ ಅಡಿಯ ಆಸ್ಟ್ರಿಯಾದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಪ್ರವಾಸಿಗರು ಮೊದಲು ಹುಡುಕುವುದು ಕಫೆ ಸೆಂಟ್ರಾಲ್ ಅನ್ನು. 1876ರಲ್ಲಿ ಶುರುವಾದ ಇದು ಇರುವುದು ಹಿಂದೆ ಬ್ಯಾಂಕೂ ಷೇರುಪೇಟೆಯೂ ಇದ್ದ ಅರಮನೆಯಂಥ ಕಟ್ಟಡದಲ್ಲಿ. ಕಮಾನು ಛಾವಣಿ, ಕಲ್ಲಿನ ಕಂಬಗಳು. ಲೇಖಕ ಪೀಟರ್ ಆಲ್ಟೆನ್‌ಬರ್ಗ್ ಇದನ್ನೇ ತನ್ನ ವಿಳಾಸವೆಂದು ಕೊಟ್ಟಿದ್ದ, ಅವನ ಟಪಾಲು ಇಲ್ಲಿಗೇ ಬರುತ್ತಿತ್ತು. ಬಾಗಿಲ ಬಳಿ ಅವನ ಬೊಂಬೆ ಇನ್ನೂ ಕೂತಿದೆ. 1907ರಿಂದ 1914ರವರೆಗೆ ಈ ಊರಿನಲ್ಲಿದ್ದ ರಷ್ಯಾದ ಕ್ರಾಂತಿಕಾರಿ ಟ್ರಾಟ್‌ಸ್ಕಿ ಇಲ್ಲಿ ಚೆಸ್ ಆಡುತ್ತಿದ್ದ. ಇಷ್ಟೆಲ್ಲ ಇದ್ದರೂ ಒಂದು ಮಾತು ಹೇಳಲೇಬೇಕು: ಸೆಂಟ್ರಾಲ್ ಮುಂದೆ ಈಗ ಸಾಲು ನಿಲ್ಲುವುದು ಸಾಮಾನ್ಯ, ಬೆಚ್ಚಗಾಗಲು ಹೋಗಿ ಚಳಿಯಲ್ಲಿ ಅರ್ಧ ಗಂಟೆ ನಿಲ್ಲುವುದರಲ್ಲಿ ಅರ್ಥವಿಲ್ಲ. ಗುಂಪೆಂಡೋರ್ಫರ್ ರಸ್ತೆಯ ಕಫೆ ಶ್ಪೆರ್ಲ್ 1880ರದ್ದು. ಬಿಲಿಯರ್ಡ್ಸ್ ಮೇಜುಗಳು, ಸವೆದ ಸೋಫಾ, ಮೂಲೆಯಲ್ಲಿ ತಮ್ಮ ಪಾಡಿಗೆ ಓದುವ ವಯಸ್ಸಾದವರು. ಕಾಫಿಹೌಸ್ ಹೇಗಿರಬೇಕೋ ಹಾಗಿದೆ. ಡೊರೊಥೇರ್ ಓಣಿಯ ಹಾವೆಲ್ಕಾ ಇನ್ನೂ ಕತ್ತಲೆಯದು, ಇನ್ನೂ ಇಕ್ಕಟ್ಟಿನದು. ಲಿಯೊಪೋಲ್ಡ್ ಮತ್ತು ಯೋಸೆಫೀನ್ ಹಾವೆಲ್ಕಾ ದಂಪತಿ 1939ರಲ್ಲಿ ತೆರೆದ ಇದು ಯುದ್ಧಾನಂತರದ ಬರಹಗಾರರ, ಚಿತ್ರಕಾರರ ಅಡ್ಡೆಯಾಯಿತು. ರಾತ್ರಿ ಎಂಟರ ಮೇಲೆ ಒಲೆಯಿಂದ ಬರುವ, ಪ್ಲಮ್ ಜಾಮ್ ತುಂಬಿದ ಬುಖ್‌ಟೆಲ್ ಬನ್ನುಗಳಿಗಾಗಿಯೇ ಜನ ಕಾಯುತ್ತಾರೆ. ಗೋಡೆಗಳ ಕಂದು ಬಣ್ಣದಲ್ಲಿ ದಶಕಗಳ ಸಿಗರೇಟಿನ ಹೊಗೆಯ ಪಾಲೂ ಇದೆ. ಆಸ್ಟ್ರಿಯಾದ ಹೋಟೆಲುಗಳಲ್ಲಿ ಧೂಮಪಾನ ಪೂರ್ತಿ ನಿಂತದ್ದು 2019ರ ನವೆಂಬರಿನಲ್ಲಷ್ಟೆ.

ಈ ಸಂಸ್ಕೃತಿಯನ್ನು ಕಟ್ಟಿದವರಲ್ಲಿ ದೊಡ್ಡ ಪಾಲು ಯಹೂದಿಗಳು: ಮಾಲೀಕರು, ಪತ್ರಕರ್ತರು, ವೈದ್ಯರು, ನಾಟಕದವರು. 1938ರ ಮಾರ್ಚ್‌ನಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯಾವನ್ನು ನುಂಗಿದ ಮೇಲೆ ಅವರ ಅಂಗಡಿಗಳು ಕಿತ್ತುಕೊಳ್ಳಲ್ಪಟ್ಟವು. ದಾರಿ ಸಿಕ್ಕವರು ದೇಶ ಬಿಟ್ಟರು, ಉಳಿದವರಲ್ಲಿ ಹೆಚ್ಚಿನವರು ಕೊಲೆಯಾದರು. ವಿಯೆನ್ನಾದ ಕಾಫಿಹೌಸ್ ದಿನಗಳನ್ನು ತನ್ನ ನೆನಪಿನ ಪುಸ್ತಕದಲ್ಲಿ ದಾಖಲಿಸಿದ ಲೇಖಕ ಸ್ಟೆಫಾನ್ ಝ್ವೈಗ್ 1942ರಲ್ಲಿ ಬ್ರೆಜಿಲ್‌ನಲ್ಲಿ ಪ್ರಾಣ ಕಳೆದುಕೊಂಡ. ಯುದ್ಧ ಮುಗಿದ ಮೇಲೆ ಕಾಫಿಹೌಸುಗಳು ಒಂದೊಂದಾಗಿ ಮುಚ್ಚಿದವು. ನಿಂತು ಕುಡಿದು ಹೋಗುವ ಎಸ್‌ಪ್ರೆಸೊ ಬಾರುಗಳ ಹಾವಳಿ ಎಂದು ಅದಕ್ಕೆ ಕಾರಣ ಕೊಡುವುದುಂಟು. ಕೂತು ಮಾತಾಡುವವರೇ ಇಲ್ಲವಾಗಿದ್ದರು ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಹತ್ತು ಗಂಟೆಯ ಹೊತ್ತಿಗೆ ವಸ್ತುಸಂಗ್ರಹಾಲಯಗಳು ತೆರೆದಿರುತ್ತವೆ. 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಕೊಟ್ಟ ಅಪ್ಪಣೆಯಂತೆ ಕೋಟೆಗೋಡೆ ಒಡೆದು ಹಾಕಿದ ಉಂಗುರದ ಆಕಾರದ ಹೆದ್ದಾರಿಯೇ ರಿಂಗ್‌ಶ್ಟ್ರಾಸೆ. ಊರಿನ ದೊಡ್ಡ ಸಾರ್ವಜನಿಕ ಕಟ್ಟಡಗಳೆಲ್ಲ ಅದರ ಅಕ್ಕಪಕ್ಕ ಇರುವುದರಿಂದ ಚಳಿಯಲ್ಲಿ ನಡೆಯುವ ದೂರ ಕಡಿಮೆ, ನಡುವೆ ಟ್ರಾಮ್ ಬೇರೆ ಇದೆ. ರಾಣಿ ಮರಿಯಾ ಥೆರೇಸಾಳ ಪ್ರತಿಮೆಯ ಎರಡು ಬದಿ ಎರಡು ಅವಳಿ ಕಟ್ಟಡಗಳು. ಒಂದು ಪ್ರಕೃತಿ ವಿಜ್ಞಾನದ ಸಂಗ್ರಹಾಲಯ. 29,000 ವರ್ಷಕ್ಕೂ ಹಳೆಯದಾದ, ಗೇಣುದ್ದವೂ ಇಲ್ಲದ ಕಲ್ಲಿನ ಹೆಣ್ಣುಮೂರ್ತಿ ‘ವಿಲ್ಲೆಂಡೋರ್ಫ್‌ನ ವೀನಸ್’ ಅಲ್ಲಿದ್ದಾಳೆ. ಎದುರಿನದು 1891ರಲ್ಲಿ ತೆರೆದ ಕಲಾ ಇತಿಹಾಸ ಸಂಗ್ರಹಾಲಯ. ಮೆಟ್ಟಿಲ ಮೇಲ್ಭಾಗದ ಕಮಾನುಗಳ ಸಂದುಗಳಲ್ಲಿ ಯುವಕ ಗುಸ್ತಾಫ್ ಕ್ಲಿಮ್ಟ್ ಬರೆದ ಚಿತ್ರಗಳಿವೆ; ಕತ್ತು ನೋಯುವಷ್ಟು ಎತ್ತರದಲ್ಲಿರುವ ಅವನ್ನು ಗಮನಿಸದೆ ಹೋಗುವವರೇ ಹೆಚ್ಚು.

ಈ ಕಟ್ಟಡದಲ್ಲಿ ಚಳಿಗಾಲಕ್ಕೇ ಮೀಸಲಾದಂತಿರುವ ಕೋಣೆಯೊಂದಿದೆ. ಹಿರಿಯ ಪೀಟರ್ ಬ್ರೂಗೆಲ್‌ನ 12 ವರ್ಣಚಿತ್ರಗಳು ಇಲ್ಲಿವೆ. ಜಗತ್ತಿನಲ್ಲಿ ಬೇರೆಲ್ಲೂ ಇಷ್ಟು ಒಟ್ಟಿಗಿಲ್ಲ. ಅವುಗಳಲ್ಲಿ ‘ಹಿಮದಲ್ಲಿ ಬೇಟೆಗಾರರು’ 1565ರದ್ದು. ಆಂಟ್ವೆರ್ಪ್‌ನ ವರ್ತಕ ನಿಕ್ಲಾಸ್ ಯೋಂಗೆಲಿಂಕ್ ತನ್ನ ಮನೆಗೆಂದು ಬರೆಸಿದ ಋತುಮಾಲಿಕೆಯ ಒಂದು ತುಂಡು. ಮಾಲಿಕೆಯಲ್ಲಿ ಉಳಿದಿರುವ ಐದರಲ್ಲಿ ಮೂರು ಇಲ್ಲಿ, ಒಂದು ಪ್ರಾಗ್‌ನಲ್ಲಿ, ಒಂದು ನ್ಯೂಯಾರ್ಕ್‌ನಲ್ಲಿ. 1594ರಲ್ಲಿ ಆಂಟ್ವೆರ್ಪ್ ನಗರ ಇದನ್ನು ಹ್ಯಾಬ್ಸ್‌ಬರ್ಗ್ ಮನೆತನದ ರಾಜ್ಯಪಾಲನಿಗೆ ಕಾಣಿಕೆ ಕೊಟ್ಟಿತು. ಹಾಗೆ ಅದು ಅರಮನೆಯ ಸೊತ್ತಾಯಿತು.

ಚಿತ್ರದ ಎಡಗಡೆ ಮೂವರು ಬೇಟೆಗಾರರು ಬೆನ್ನು ತೋರಿಸಿ ಇಳಿಯುತ್ತಿದ್ದಾರೆ. ಹಿಂದೆ ತಲೆ ತಗ್ಗಿಸಿದ ನಾಯಿಗಳ ಹಿಂಡು. ಅಷ್ಟು ಜನ, ಅಷ್ಟು ನಾಯಿ ಸೇರಿ ದಿನವಿಡೀ ಅಲೆದು ಹಿಡಿದದ್ದು ಒಂದು ಬಡಕಲು ನರಿ. ಪಕ್ಕದ ಛತ್ರದ ಫಲಕ ಒಂದು ಕೊಕ್ಕೆ ಕಳಚಿ ವಾರೆಯಾಗಿ ನೇತಾಡುತ್ತಿದೆ. ಅದರ ಕೆಳಗೆ ಬೆಂಕಿ ಹಾಕಿಕೊಂಡ ಜನ ಇವರತ್ತ ತಿರುಗಿಯೂ ನೋಡುವುದಿಲ್ಲ. ಕೆಳಗೆ ಕಣಿವೆಯಲ್ಲಿ ಕೆರೆಗಳು ಹೆಪ್ಪುಗಟ್ಟಿ ಹಸಿರು ಮಿಶ್ರಿತ ಬೂದು ಬಣ್ಣಕ್ಕೆ ತಿರುಗಿವೆ, ಅವುಗಳ ಮೇಲೆ ಇರುವೆಯಷ್ಟೆ ಗಾತ್ರದ ಜನ ಜಾರುತ್ತಿದ್ದಾರೆ, ಆಡುತ್ತಿದ್ದಾರೆ, ಬೀಳುತ್ತಿದ್ದಾರೆ. ಸೇತುವೆಯ ಮೇಲೆ ಸೌದೆ ಹೊರೆ ಹೊತ್ತ ಹೆಂಗಸು. ದೂರದಲ್ಲೊಂದು ಮನೆಯ ಹೊಗೆಗೂಡಿಗೆ ಬೆಂಕಿ ಹತ್ತಿದೆ, ಏಣಿ ಇಟ್ಟು ಓಡಾಡುತ್ತಿದ್ದಾರೆ. ಹತ್ತಿರ ಹೋಗಿ ನೋಡಿದವರಿಗಷ್ಟೇ ಅದು ಕಾಣುತ್ತದೆ. ಹಿನ್ನೆಲೆಯ ಚೂಪು ಬೆಟ್ಟಗಳು ಬ್ರೂಗೆಲ್‌ನ ಊರಿನವಲ್ಲ, ಸಮತಟ್ಟಾದ ಫ್ಲಾಂಡರ್ಸ್‌ನಲ್ಲಿ ಅಂಥ ಬೆಟ್ಟವೇ ಇಲ್ಲ. ಇಟಲಿಗೆ ಹೋಗಿ ಬರುವಾಗ ಆಲ್ಪ್ಸ್‌ನಲ್ಲಿ ಕಂಡದ್ದನ್ನು ತಂದು ಸೇರಿಸಿದ್ದಾನೆ. ಯುರೋಪ್ ಆಗ ಇತಿಹಾಸಕಾರರು ‘ಕಿರು ಹಿಮಯುಗ’ ಎನ್ನುವ ಕಾಲದೊಳಗಿತ್ತು, 1564–65ರ ಚಳಿಗಾಲ ವಿಪರೀತದ್ದು. ಚಳಿಯನ್ನು ಹಬ್ಬವೆಂದೂ ಬರೆಯದೆ, ಗೋಳೆಂದೂ ಬರೆಯದೆ, ಎರಡೂ ಒಂದೇ ಬಯಲಿನಲ್ಲಿ ನಡೆಯುತ್ತವೆಂದು ತೋರಿಸಿದ ಇಂಥ ಇನ್ನೊಂದು ಚಿತ್ರ ಸಿಗುವುದು ಕಷ್ಟ. ವಿಯೆನ್ನಾದಲ್ಲಿ ಒಂದೇ ಒಂದು ಚಿತ್ರ ನೋಡಲು ಬಿಡುವಿರುವವರು ಇದನ್ನೇ ನೋಡಬೇಕು. ಕ್ಲಿಮ್ಟ್‌ನ ‘ಮುತ್ತು’ ಬೆಲ್ವೆದೆರೆ ಅರಮನೆಯಲ್ಲಿದೆ, ಆದರೆ ಅದು ಈಗಾಗಲೇ ಊರಿನ ಚಾಕೊಲೇಟ್ ಡಬ್ಬಿ, ಕೊಡೆ, ಕೀಚೈನುಗಳ ಮೇಲೆಲ್ಲ ಇದೆ.

ಚಿತ್ರಶಾಲೆಯ ನಡುವೆ, ಗುಮ್ಮಟದ ಅಡಿಯಲ್ಲೇ ಒಂದು ಕಫೆಯಿದೆ. ಅಲ್ಲಿಂದ ಹತ್ತೇ ನಿಮಿಷದ ದಾರಿಯಲ್ಲಿ, ಹಳೆಯ ಅರಮನೆ ಹೋಫ್‌ಬುರ್ಗ್‌ನ ಒಂದು ಪಾರ್ಶ್ವದಲ್ಲಿ, ರಾಷ್ಟ್ರೀಯ ಗ್ರಂಥಾಲಯದ ಪ್ರುಂಕ್‌ಝಾಲ್. ಚಕ್ರವರ್ತಿ ಆರನೇ ಕಾರ್ಲ್ ಅಪ್ಪಣೆಯಂತೆ, ವಾಸ್ತುಶಿಲ್ಪಿ ಫಿಷರ್ ಫೊನ್ ಎರ್ಲಾಖ್‌ನ ನಕ್ಷೆಯ ಪ್ರಕಾರ ಅವನ ಮಗ ಇದನ್ನು 1720ರ ದಶಕದಲ್ಲಿ ಕಟ್ಟಿ ಮುಗಿಸಿದ. ಸುಮಾರು 80 ಮೀಟರ್ ಉದ್ದದ ಒಂದೇ ಸಭಾಂಗಣ, ಎರಡು ಲಕ್ಷದಷ್ಟು ಹಳೆಯ ಸಂಪುಟಗಳು, ನಡುವೆ ಆಳೆತ್ತರದ ಭೂಗೋಳ–ಖಗೋಳಗಳು. ದಂಡನಾಯಕ ಯೂಜಿನ್ ರಾಜಕುಮಾರನ 15,000 ಪುಸ್ತಕಗಳು ಗುಮ್ಮಟದ ಕೆಳಗಿನ ಕಪಾಟುಗಳಲ್ಲಿವೆ. ಇಲ್ಲಿ ಓದಲು ಬಿಡುವುದಿಲ್ಲ, ನೋಡಲಷ್ಟೇ.

ನಡು ಹಗಲಿಗೆ ಹಸಿರು ನೋಡಬೇಕೆನಿಸಿದರೆ ಅದಕ್ಕೂ ಕೋಣೆಯಿದೆ. ಹೋಫ್‌ಬುರ್ಗ್ ಹಿಂದಿನ ತೋಟದಲ್ಲಿ 20ನೇ ಶತಮಾನದ ಆರಂಭದಲ್ಲಿ ಫ್ರೀಡ್ರಿಖ್ ಓಮನ್ ಕಟ್ಟಿದ ಗಾಜು–ಉಕ್ಕಿನ ಪಾಲ್ಮೆನ್‌ಹೌಸ್ ಅರಸರ ಸಸ್ಯಗೃಹವಾಗಿತ್ತು. ಈಗ ಅದರ ಒಂದು ಭಾಗ ಹೋಟೆಲು, ಇನ್ನೊಂದು ಭಾಗ ಚಿಟ್ಟೆಗಳ ಮನೆ. ಹೊರಗೆ ಸೊನ್ನೆ, ಒಳಗೆ 26 ಡಿಗ್ರಿ ಮತ್ತು ಬೆವರಿಳಿಸುವ ತೇವ. ಕನ್ನಡಕ ಹಾಕಿದವರಿಗೆ ಮೊದಲ ಕೆಲವು ನಿಮಿಷ ಏನೂ ಕಾಣಿಸದು. ಕರಾವಳಿಯಿಂದ ಬಂದವರಿಗೆ ಊರಿನ ಮೇ ತಿಂಗಳು ನೆನಪಾಗಬಹುದು. ಷೋನ್‌ಬ್ರುನ್ ಅರಮನೆ ಉದ್ಯಾನದಲ್ಲಿ 1882ರ ಇನ್ನೂ ದೊಡ್ಡ ಸಸ್ಯಗೃಹವಿದೆ, ಆದರೆ ಅದಕ್ಕೆ ಮೆಟ್ರೋ ಹಿಡಿದು ಹೋಗಬೇಕು.

ಊಟಕ್ಕೆ ಬೈಸ್ಲ್. ಮರದ ಹಲಗೆ ಹೊದಿಸಿದ ಗೋಡೆಯ, ಕೈಬರಹದ ಮೆನುವಿನ ಮೊಹಲ್ಲಾ ಊಟದ ಮನೆಗಳಿವು. ಹಂಗೆರಿಯಿಂದ ಬಂದ ಗುಲಾಶ್, ಬೇಯಿಸಿದ ದನದ ಮಾಂಸದ ಟಾಫೆಲ್‌ಶ್ಪಿಟ್ಸ್, ಕಡುಬಿನ ದೂರದ ನೆಂಟನಂಥ ಕ್ನೋಡೆಲ್ ಉಂಡೆಗಳು: ಒಂದು ಕಾಲದ ಸಾಮ್ರಾಜ್ಯದ ಭೂಪಟ ತಟ್ಟೆಯಲ್ಲೇ ಇದೆ. ಸಸ್ಯಾಹಾರಿಗಳು ಒಂದು ಎಚ್ಚರ ವಹಿಸಬೇಕು. ದೋಸೆಯ ಎಳೆಗಳು ತೇಲುವ ಫ್ರಿಟಾಟೆನ್ ಸೂಪು ನೋಡಲು ನಿರಪಾಯಕಾರಿ, ಆದರೆ ಅದರ ನೀರು ದನದ ಮೂಳೆ–ಮಾಂಸ ಕುದಿಸಿದ್ದು. ಚೀಸ್ ಬೆರೆಸಿದ ಶ್ಪೆಟ್ಸ್‌ಲೆಯನ್ನೋ, ಪ್ಲಮ್ ಗೊಜ್ಜಿನ ಜೊತೆಗೆ ಹರಿದ ದಪ್ಪ ಸಿಹಿದೋಸೆಯ ಕೈಸರ್‌ಶ್ಮಾರ್ನ್ ಅನ್ನೋ ತಿನ್ನಬಹುದು. ಎರಡರಲ್ಲೂ ಮೊಟ್ಟೆ ಇರುತ್ತದೆ.

ಸಿಹಿಯ ವಿಷಯಕ್ಕೆ ಬಂದರೆ ಜಾಖರ್ ಟೋರ್ಟೆಯ ಹೆಸರು ತಪ್ಪಿಸುವಂತಿಲ್ಲ. 1832ರಲ್ಲಿ ಮಂತ್ರಿ ಮೆಟರ್ನಿಖ್‌ನ ಮನೆಯಲ್ಲಿ 16 ವರ್ಷದ ಅಡುಗೆ ಶಿಷ್ಯ ಫ್ರಾನ್ಸ್ ಜಾಖರ್ ಇದನ್ನು ಮಾಡಿದನೆಂದು ಮನೆತನದವರ ಹೇಳಿಕೆ. ಅವನ ಮಗ ಎಡ್ವರ್ಡ್ ಡೆಮೆಲ್ ಎಂಬ ಅರಮನೆಯ ಮಿಠಾಯಿ ಅಂಗಡಿಯಲ್ಲಿ ಕೆಲಸ ಕಲಿತು, ಆಮೇಲೆ 1876ರಲ್ಲಿ ಸ್ವಂತ ಹೋಟೆಲು ತೆರೆದ. ‘ಅಸಲಿ’ ಎಂಬ ಮಾತು ಯಾರಿಗೆ ಸೇರಬೇಕೆಂದು ಜಾಖರ್ ಹೋಟೆಲಿಗೂ ಡೆಮೆಲ್‌ಗೂ ವರ್ಷಗಟ್ಟಲೆ ಕೋರ್ಟಿನಲ್ಲಿ ಜಗಳ ನಡೆದು 1963ರಲ್ಲಿ ರಾಜಿಯಾಯಿತು. ಹೆಸರು ಹೋಟೆಲಿಗೆ ಸಿಕ್ಕಿತು. ಏಪ್ರಿಕಾಟ್ ಜಾಮಿನ ಪದರ ಕೇಕಿನ ನಡುವೆಯೂ ಇರಬೇಕೋ, ಚಾಕೊಲೇಟ್ ಹೊದಿಕೆಯ ಅಡಿಯಲ್ಲಷ್ಟೇ ಸಾಕೋ ಎಂಬುದು ವಿವಾದದ ತಿರುಳು. ಕೇಕು ಸ್ವಲ್ಪ ಒಣ. ಪಕ್ಕದಲ್ಲಿ ಸಕ್ಕರೆಯಿಲ್ಲದ ಕೆನೆ ಕೊಡುವುದು ಅದಕ್ಕೇ.

ಮಧ್ಯಾಹ್ನದ ನಂತರದ ಒಂದು ಗಂಟೆಯನ್ನು ಪ್ರವಾಸಿಗರು ಅಷ್ಟಾಗಿ ಹೋಗದ ಕಡೆಗೆ ಇಡಬಹುದು. ರಾಯ್‌ಮಾನ್‌ಪ್ಲಾಟ್ಸ್ ಚೌಕದ ಅಮಾಲಿಯನ್‌ಬಾಡ್ ಸಾರ್ವಜನಿಕ ಸ್ನಾನಗೃಹ 1926ರಲ್ಲಿ ತೆರೆಯಿತು. ಮೊದಲ ಮಹಾಯುದ್ಧದ ನಂತರ ಸಮಾಜವಾದಿಗಳ ಆಡಳಿತದಲ್ಲಿದ್ದ ನಗರಸಭೆ 60,000ಕ್ಕೂ ಹೆಚ್ಚು ಮನೆ ಕಟ್ಟಿತು, ಆದರೆ ಹೆಚ್ಚಿನವುಗಳಲ್ಲಿ ಬಚ್ಚಲಿರಲಿಲ್ಲ. ಅದಕ್ಕಾಗಿ ಕಾರ್ಮಿಕರ ಬಡಾವಣೆಯಲ್ಲೇ, ಗಾಜಿನ ಛಾವಣಿಯ ಈಜುಕೊಳ, ಹಬೆಕೋಣೆ, ಬಣ್ಣಬಣ್ಣದ ಬಿಲ್ಲೆಗಳ ಗೋಡೆಗಳಿರುವ ಈ ಕಟ್ಟಡ ಎದ್ದಿತು. ಒಮ್ಮೆಗೆ 1,300 ಜನ ಹಿಡಿಸುವಷ್ಟು ದೊಡ್ಡದು. ಅರಸರ ಅರಮನೆಗಳಲ್ಲಿ ಕಾಣುವ ವೈಭವವನ್ನು ಕೂಲಿಕಾರರ ಸ್ನಾನಕ್ಕೆ ಕೊಡಬೇಕೆಂದು ಹೊರಟ ಆಡಳಿತವನ್ನು 1934ರಲ್ಲಿ ಫಿರಂಗಿ ಹಾರಿಸಿ ಕೆಡವಲಾಯಿತು. ಸ್ನಾನಗೃಹ ಇವತ್ತಿಗೂ ನಡೆಯುತ್ತಿದೆ, ಟಿಕೆಟ್ ಕೊಂಡವರೆಲ್ಲ ಹೋಗಬಹುದು. ಊರಿನ ಸಾವಿರಾರು ಮನೆಗಳ ಇಂದಿನ ಬಿಸಿ ಕೂಡ ನಗರಸಭೆಯ ಏರ್ಪಾಡೇ. ಕಲಾವಿದ ಹುಂಡರ್ಟ್‌ವಾಸರ್ ಬಣ್ಣ ತುಂಬಿ ರೂಪಿಸಿದ ಶ್ಪಿಟೆಲಾವ್ ಸ್ಥಾವರದಲ್ಲಿ ಕಸ ಸುಟ್ಟು ಕಾಯಿಸಿದ ನೀರು ಕೊಳವೆಗಳಲ್ಲಿ ಮನೆಗಳಿಗೆ ಹರಿಯುತ್ತದೆ.

ನಾಲ್ಕಕ್ಕೆ ದೀಪಗಳು ಹತ್ತುತ್ತವೆ. ನವೆಂಬರ್ ಮಧ್ಯದಿಂದ ಕ್ರಿಸ್ಮಸ್‌ವರೆಗೆ ರಾಟ್‌ಹೌಸ್ ಎಂಬ ಪುರಭವನದ ಮುಂದೆ ದೊಡ್ಡ ಸಂತೆ ಸೇರುತ್ತದೆ. ಡಿಸೆಂಬರ್ ಸಂತೆಗೆ ಈ ಊರಿಗೆ ಪರವಾನಗಿ ಸಿಕ್ಕಿದ್ದು 13ನೇ ಶತಮಾನದ ಕೊನೆಯಲ್ಲಿ. ಮಸಾಲೆ ಹಾಕಿ ಕಾಯಿಸಿದ ಕೆಂಪು ವೈನು, ಹಣ್ಣಿನ ರಸದ ಪಂಚು ಮಗ್ಗುಗಳಲ್ಲಿ ಬರುತ್ತವೆ. ಮಗ್ಗಿಗೆ ಮುಂಗಡ ಕಟ್ಟಬೇಕು, ಹಿಂತಿರುಗಿಸಿದರೆ ಹಣ ವಾಪಸು. ಈ ಸಂತೆಯಲ್ಲಿ ನೂಕುನುಗ್ಗಲು ಜಾಸ್ತಿ. ಶ್ಪಿಟೆಲ್‌ಬೆರ್ಗ್‌ನ ಕಲ್ಲುಹಾಸಿನ ಓಣಿಗಳದ್ದೋ, ಕಾರ್ಲ್ಸ್‌ಪ್ಲಾಟ್ಸ್‌ನ ಕರಕುಶಲಿಗರದ್ದೋ ಮೇಲು. ಬೀದಿಬದಿಯಲ್ಲಿ ಕೆಂಡದ ಒಲೆಯಿಟ್ಟುಕೊಂಡವರು ಚೆಸ್ಟ್‌ನಟ್ ಸುಟ್ಟು ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ, ಜೊತೆಗೆ ಸುಟ್ಟ ಆಲೂಗಡ್ಡೆ. ತಿನ್ನುವ ಮೊದಲು ಕೈ ಬೆಚ್ಚಗಾಗುತ್ತದೆ. ಸಂತೆ ಎದ್ದುಹೋದ ಮೇಲೆ, ಜನವರಿಯಲ್ಲಿ ಅದೇ ಪುರಭವನದ ಮುಂದೆ ಜಾರಾಟದ ಹಿಮದ ಅಂಗಳ ಹರಡುತ್ತದೆ. ಬಯಲಿನಲ್ಲಿ ಯಂತ್ರದಿಂದ ಹೆಪ್ಪುಗಟ್ಟಿಸಿದ ಅಂಗಳವನ್ನು 1909ರಲ್ಲೇ ಕಟ್ಟಿ ತೋರಿಸಿದವನು ಇದೇ ಊರಿನ ಎಂಜಿನಿಯರ್ ಎಡ್ವರ್ಡ್ ಎಂಗೆಲ್‌ಮಾನ್.

ಸಂಜೆ ಒಪೆರಾ. 1869ರಲ್ಲಿ ಮೊಟ್ಸಾರ್ಟ್‌ನ ‘ಡಾನ್ ಜಿಯೊವಾನಿ’ಯೊಡನೆ ಬಾಗಿಲು ತೆರೆದ ಈ ಮಂದಿರದ ರಂಗಸ್ಥಳ, ಪ್ರೇಕ್ಷಾಂಗಣಗಳು 1945ರ ಮಾರ್ಚ್ 12ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು, ಮುಂಭಾಗ ಮತ್ತು ದೊಡ್ಡ ಮೆಟ್ಟಿಲು ಉಳಿದವು. 1955ರ ನವೆಂಬರ್ 5ರಂದು ಬೇಥೋವನ್‌ನ ‘ಫಿಡೆಲಿಯೊ’ದೊಂದಿಗೆ ಮತ್ತೆ ತೆರೆಯಿತು. ಸೆಪ್ಟೆಂಬರಿನಿಂದ ಜೂನ್‌ವರೆಗೆ ಹೆಚ್ಚುಕಡಿಮೆ ದಿನವೂ ಪ್ರದರ್ಶನ, ಇವತ್ತಿನ ನಾಟಕ ನಾಳೆ ಇಲ್ಲ. ಒಳ್ಳೆಯ ಆಸನದ ಬೆಲೆ 200 ಯೂರೊ ದಾಟುತ್ತದೆ. ಆದರೆ ನಿಂತು ನೋಡುವ 400ಕ್ಕೂ ಹೆಚ್ಚು ಜಾಗಗಳಿವೆ, ಅವುಗಳ ಬೆಲೆ ಒಂದು ಕಾಫಿ–ಕೇಕಿನ ಆಸುಪಾಸು. ಕೆಳಗಿನ ನಿಲ್ಲುವ ಜಾಗ ಹಳೆಯ ಅರಸರ ಬಾಲ್ಕನಿಯ ನೇರ ಕೆಳಗಿದೆ, ರಂಗಸ್ಥಳಕ್ಕೆ ಎದುರಾಗಿ. ದುಡ್ಡು ಕೊಟ್ಟು ಕೂತವರಲ್ಲಿ ಅರ್ಧದಷ್ಟು ಜನಕ್ಕೆ ಇಂಥ ನೋಟ ಸಿಗುವುದಿಲ್ಲ.

ಇಲ್ಲಿನ ನಿಯಮಗಳು ಬರೆದಿಟ್ಟವಲ್ಲ, ಪಾಲಿಸಿಕೊಂಡು ಬಂದವು. ಜಾಗ ಹಿಡಿದವರು ಎದುರಿನ ಕಂಬಿಗೆ ತಮ್ಮ ಸ್ಕಾರ್ಫ್ ಕಟ್ಟುತ್ತಾರೆ. ಕಟ್ಟಿದ ಮೇಲೆ ಕೋಟು ಕೊಟ್ಟು ಬರಲು, ನೀರು ಕುಡಿಯಲು ಹೋಗಬಹುದು. ಆ ಗಂಟನ್ನು ಬೇರೆಯವರು ಬಿಚ್ಚುವುದಿಲ್ಲ. ಮುಂದಿರುವ ಪುಟ್ಟ ಪರದೆಯಲ್ಲಿ ಹಾಡಿನ ಮಾತುಗಳು ಹಲವು ಭಾಷೆಗಳಲ್ಲಿ ಮೂಡುತ್ತವೆ. ಕಾಯಂ ಬರುವವರು ಸ್ವರಲಿಪಿಯ ಪುಸ್ತಕ ಹಿಡಿದು ನಿಂತಿರುತ್ತಾರೆ. ಗಾಯಕಿ ಒಂದು ಸ್ವರ ತಪ್ಪಿದರೂ ಮೊದಲು ಗೊತ್ತಾಗುವುದು ಇವರಿಗೆ, ಮೆಚ್ಚಿದರೆ ಚಪ್ಪಾಳೆ ಕೊನೆಗೆ ನಿಲ್ಲುವುದೂ ಇವರದೇ. ನಾಲ್ಕು–ಐದು ಗಂಟೆಯ ವಾಗ್ನರ್ ನಾಟಕಕ್ಕೆ ಮೊದಲ ಸಲವೇ ನಿಲ್ಲಲು ಹೋಗುವುದು ಸಾಹಸ; ಪುಚಿನಿಯ ಎರಡೂವರೆ ಗಂಟೆ ಕಾಲಿಗೆ ಸಹ್ಯ.

ವರ್ಷದ ಕೊನೆಯ ರಾತ್ರಿ ಇಲ್ಲಿ ಯೋಹಾನ್ ಸ್ಟ್ರಾಸ್‌ನ ‘ದಿ ಫ್ಲೇಡರ್‌ಮೌಸ್’ ಆಡುವುದು ವಾಡಿಕೆ. ಮರುದಿನ ಬೆಳಗ್ಗೆ ಮೂಸಿಕ್‌ಫೆರೈನ್‌ನ ಬಂಗಾರದ ಸಭಾಂಗಣದಲ್ಲಿ ವಿಯೆನ್ನಾ ಫಿಲ್‌ಹಾರ್ಮೊನಿಕ್ ವಾದ್ಯವೃಂದದ ಹೊಸ ವರ್ಷದ ಕಛೇರಿ, ಜಗತ್ತಿನ ಎಷ್ಟೋ ದೇಶಗಳ ಟೀವಿಯಲ್ಲಿ ನೇರಪ್ರಸಾರ. ಹೂವು, ವಾಲ್ಟ್ಸ್, ನಗು ತುಂಬಿದ ಈ ಕಛೇರಿ ಮೊದಲು ನಡೆದದ್ದು 1939ರ ಡಿಸೆಂಬರ್ 31ರಂದು, ನಾಜಿ ಆಳ್ವಿಕೆಯಲ್ಲಿ, ಆ ಪಕ್ಷದ ಚಳಿಗಾಲದ ನಿಧಿಗೆ ಹಣ ಕೂಡಿಸಲು. ಮುಂಬೈಯ ಜುಬಿನ್ ಮೆಹ್ತಾ 1954ರಲ್ಲಿ ಕಲಿಯಲೆಂದು ಈ ಊರಿಗೆ ಬಂದು ಹಾನ್ಸ್ ಸ್ವಾರೋಫ್‌ಸ್ಕಿ ಬಳಿ ಪಾಠ ಹೇಳಿಸಿಕೊಂಡವರು; 1990ರಿಂದ 2015ರ ನಡುವೆ ಐದು ಸಲ ಈ ಕಛೇರಿಯನ್ನು ನಡೆಸಿದರು. ಟಿಕೆಟ್ ಸಿಗುವುದು ಲಾಟರಿಯಲ್ಲಿ ಹೆಸರು ಬಂದವರಿಗೆ ಮಾತ್ರ.

ಜನವರಿ–ಫೆಬ್ರವರಿ ಬಾಲ್‌ಗಳ, ಅಂದರೆ ನೃತ್ಯಕೂಟಗಳ ಕಾಲ. ಒಪೆರಾ ಬಾಲ್ ಶ್ರೀಮಂತರ, ಮಂತ್ರಿಗಳ ಮೆರವಣಿಗೆ. ಅದಕ್ಕಿಂತ ಸ್ವಾರಸ್ಯದವು ಕಸುಬುದಾರರ ಕೂಟಗಳು: ಮಿಠಾಯಿಗಾರರದ್ದು, ವೈದ್ಯರದ್ದು, ವಕೀಲರದ್ದು, ಬೇಟೆಗಾರರದ್ದು, ಹೋಫ್‌ಬುರ್ಗ್ ಅರಮನೆಯಲ್ಲಿ ನಡೆಯುವ ಕಾಫಿಹೌಸ್ ಮಾಲೀಕರದ್ದು. ಉಡುಪಿನ ನಿಯಮ ಕಟ್ಟುನಿಟ್ಟು, ಹೊರಗಿನವರೂ ಟಿಕೆಟ್ ಕೊಂಡು ಹೋಗಬಹುದು. ಬೆಳಗಿನ ಜಾವದವರೆಗೆ ಕುಣಿದವರು ಗುಲಾಶ್ ಸೂಪು ಕುಡಿದು ಮನೆಗೆ ಹೋಗುವುದು ಪದ್ಧತಿ.

ಉಳಿದ ರಾತ್ರಿಗಳಿಗೆ ವುರ್ಸ್ಟೆಲ್‌ಶ್ಟಾಂಡ್ ಎಂಬ ಬೀದಿಬದಿಯ ಸಾಸೇಜ್ ಗೂಡಂಗಡಿಗಳಿವೆ. 2024ರಲ್ಲಿ ಇವೂ ಪರಂಪರೆಯ ಪಟ್ಟಿಗೆ ಸೇರಿದವು. ಒಪೆರಾದ ಹಿಂದೆ, ಆಲ್ಬರ್ಟಿನಾ ಚಿತ್ರಶಾಲೆಯ ಬಳಿಯ ಗೂಡಂಗಡಿಯ ಮುಂದೆ ನಿಲುವಂಗಿಯ ಹೆಂಗಸರು, ಬಿಲ್ಲುಟೈ ಗಂಡಸರು, ಟ್ಯಾಕ್ಸಿಯವರು ಒಂದೇ ಹಲಗೆಗೆ ಮೊಣಕೈ ಊರಿ ತಿನ್ನುತ್ತಾರೆ.

ದಿನ ಆರಿಸಿಕೊಳ್ಳುವಾಗ ಲೆಕ್ಕ ಹಾಕಬೇಕಾದ ಕೆಲವು ಸಂಗತಿಗಳಿವೆ. ಕಲಾ ಇತಿಹಾಸ ಸಂಗ್ರಹಾಲಯಕ್ಕೆ ಸಾಮಾನ್ಯವಾಗಿ ಸೋಮವಾರ ರಜೆ, ಗುರುವಾರ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಭಾನುವಾರ ಊರಿನ ಅಂಗಡಿಗಳೆಲ್ಲ ಮುಚ್ಚಿ, ಕಾಫಿಹೌಸು–ಚಿತ್ರಶಾಲೆಗಳು ಮಾತ್ರ ತೆರೆದಿರುವುದರಿಂದ ಅಂದು ಅಲ್ಲಿ ಜನ ಹೆಚ್ಚು. ಶುಕ್ರವಾರ, ಶನಿವಾರ ಮತ್ತು ರಜೆಯ ಹಿಂದಿನ ರಾತ್ರಿಗಳಲ್ಲಿ ಮೆಟ್ರೋ 2010ರಿಂದ ಇಡೀ ರಾತ್ರಿ ಓಡುತ್ತದೆ. ಮಿಕ್ಕ ದಿನಗಳಲ್ಲಿ ಹನ್ನೆರಡೂವರೆಯ ನಂತರ ರಾತ್ರಿ ಬಸ್ಸುಗಳೇ ಗತಿ. ಅವು ಅರ್ಧ ಗಂಟೆಗೊಮ್ಮೆ ಬರುತ್ತವೆ.